ಡೆವನ್‌ನ ಚಳಿಗಾಲದಲ್ಲಿ ನಾಲ್ಕು ಹೇಟೆಗಳಿಗೊಂದು ಗೂಡು

2024ರ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಕೋಳಿಗೂಡಿನ ಬಾಗಿಲು ತೆರೆದಾಗ ಒಳಚಾವಣಿಯ ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ರಾತ್ರಿ ಮಳೆ ಬಂದಿರಲಿಲ್ಲ, ಚಾವಣಿಯೂ ಸೋರಿರಲಿಲ್ಲ. ನಾಲ್ಕು ಕೋಳಿಗಳು ರಾತ್ರಿಯಿಡೀ ಬಿಟ್ಟ ಉಸಿರೇ ತಣ್ಣನೆಯ ಹಲಗೆಗೆ ತಾಗಿ ಹನಿಗಟ್ಟಿತ್ತು. ಒಳಗಿಂದ ಬಂದ ಹಿಕ್ಕೆಯ ಘಾಟು ಕಣ್ಣಲ್ಲಿ ನೀರು ತರಿಸುವಷ್ಟಿತ್ತು. ಚಳಿಗೆ ಅವು ಸತ್ತುಹೋದಾವೆಂದು ಹೆದರಿ, ಗೂಡಿನ ಗಾಳಿಕಿಂಡಿಗಳಿಗೆಲ್ಲ ಹಿಂದಿನ ವಾರವಷ್ಟೇ ನಾನು ಹಳೆಯ ಬಟ್ಟೆ ತುರುಕಿದ್ದೆ.

ನಾನು ಸಕಲೇಶಪುರದ ಕಡೆಯವನು. ಈಗಿರುವುದು ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್‌ನಲ್ಲಿ, ಎಕ್ಸಿಟರ್ ನಗರಕ್ಕೆ ಸಮೀಪದ ಒಂದು ಹಳ್ಳಿಯ ಬಾಡಿಗೆ ಮನೆಯಲ್ಲಿ. ಊರಲ್ಲಿ ನಮ್ಮ ಕೋಳಿಗಳಿಗೆಂದು ಪ್ರತ್ಯೇಕ ಮನೆ ಇರಲಿಲ್ಲ. ಮರಿಗಳಿದ್ದ ಹೇಟೆಯನ್ನು ಅಜ್ಜಿ ಮಂಕರಿಯಡಿ ಕವುಚಿ ಮೇಲೊಂದು ಕಲ್ಲು ಹೇರುತ್ತಿದ್ದರು. ಉಳಿದವು ಕೊಟ್ಟಿಗೆಯ ಅಡ್ಡಗಳುವಿನ ಮೇಲೆ, ದನಗಳ ತಲೆಗಿಂತ ಮೇಲೆ, ಸಾಲಾಗಿ ಕೂತು ನಿದ್ದೆ ಮಾಡುತ್ತಿದ್ದವು. ಆದ್ದರಿಂದ ಕೋಳಿ ಸಾಕುವುದು ಗೊತ್ತಿದೆ ಎಂಬ ಧೈರ್ಯ ನನಗಿತ್ತೇ ಹೊರತು, ಅವಕ್ಕೆ ಮನೆ ಕಟ್ಟುವುದರ ಬಗ್ಗೆ ಏನೂ ತಿಳಿದಿರಲಿಲ್ಲ.

ಬಾಡಿಗೆ ಮನೆಯಲ್ಲಿ ಕೋಳಿ ಸಾಕಬಹುದೇ ಎಂಬ ಅನುಮಾನ ಮೊದಲು ಕಾಡಿತು. ಇಲ್ಲಿನ 1950ರ ಅಲಾಟ್‌ಮೆಂಟ್ಸ್ ಕಾಯ್ದೆಯ 12ನೇ ಕಲಮಿನ ಪ್ರಕಾರ ಮನೆಬಳಕೆಗಾಗಿ ಹೇಟೆಗಳನ್ನೂ ಮೊಲಗಳನ್ನೂ ಸಾಕುವುದನ್ನು ಬಾಡಿಗೆ ಕರಾರು ತಡೆಯುವಂತಿಲ್ಲ, ಆದರೆ ಅದರಿಂದ ನೆರೆಹೊರೆಯವರಿಗೆ ತೊಂದರೆಯಾಗಬಾರದು. ಕಾಯ್ದೆಯ ಮಾತು ಹೇಟೆಗಷ್ಟೇ ಅನ್ವಯಿಸುತ್ತದೆ, ಹುಂಜಕ್ಕಲ್ಲ. ಮೊಟ್ಟೆಗೆ ಹುಂಜ ಬೇಕಾಗಿಯೂ ಇಲ್ಲ. ಇದಲ್ಲದೆ 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೇ ಒಂದು ಕೋಳಿ ಸಾಕುವವರೂ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಹಕ್ಕಿಜ್ವರ ಹತ್ತಿರದಲ್ಲಿ ಕಾಣಿಸಿಕೊಂಡರೆ ಸಾಕುವವರಿಗೆ ಸುದ್ದಿ ಮುಟ್ಟಿಸುವುದು ಅದರ ಉದ್ದೇಶ. ಮನೆಯ ಯಜಮಾನರಿಗೆ ಕಾಯ್ದೆಯನ್ನು ತೋರಿಸುವ ಅಗತ್ಯವೇ ಬರಲಿಲ್ಲ. ಕೇಳಿದೊಡನೆ ಸಂತೋಷದಿಂದ ಒಪ್ಪಿಕೊಂಡರು.

ನಾವು ತಂದ ನಾಲ್ಕೂ ಮೊಟ್ಟೆ ಫಾರಂನ ಪಂಜರದಿಂದ ಬಂದ ಕೋಳಿಗಳು. ಫಾರಂಗಳಲ್ಲಿ ಹೇಟೆಗೆ ಸುಮಾರು 72 ವಾರ ತುಂಬುವ ಹೊತ್ತಿಗೆ ಮೊಟ್ಟೆ ಇಳಿಯತೊಡಗುತ್ತದೆ, ಆಮೇಲೆ ಅವು ಕಸಾಯಿಖಾನೆಗೆ ಹೋಗುತ್ತವೆ. ಹಾಗೆ ಹೋಗುವವುಗಳಲ್ಲಿ ಕೆಲವನ್ನು ಮನೆಗಳಿಗೆ ಕೊಡಿಸುವ ಸಂಸ್ಥೆಗಳು ಇಲ್ಲಿವೆ. ಹಳೆಯ ಮಾದರಿಯ ಬರಿಯ ಪಂಜರಗಳನ್ನು ಯುರೋಪಿನಲ್ಲಿ 2012ರ ಜನವರಿ 1ರಿಂದ ನಿಷೇಧಿಸಲಾಯಿತಾದರೂ, ಅವುಗಳ ಜಾಗಕ್ಕೆ ಬಂದ ಸುಧಾರಿತ ಪಂಜರದಲ್ಲಿ ಒಂದು ಹೇಟೆಗೆ ಸಿಗುವುದು 750 ಚದರ ಸೆಂಟಿಮೀಟರ್, ಅಂದರೆ ಎ4 ಕಾಗದಕ್ಕಿಂತ ಸ್ವಲ್ಪವೇ ಹೆಚ್ಚು. ನಮ್ಮಲ್ಲಿಗೆ ಬಂದಾಗ ಅವುಗಳ ಕುತ್ತಿಗೆಯ ಮೇಲೆ ಪುಕ್ಕವಿರಲಿಲ್ಲ, ಜುಟ್ಟು ಬಿಳಿಚಿಕೊಂಡು ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಪೆಟ್ಟಿಗೆ ತೆರೆದು ಹುಲ್ಲಿನ ಮೇಲೆ ಬಿಟ್ಟರೆ ನಾಲ್ಕೂ ಒಂದಕ್ಕೊಂದು ಅಂಟಿಕೊಂಡು ಬಹಳ ಹೊತ್ತು ನಿಂತೇ ಇದ್ದವು. ಆ ನೋಟ ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ.

ಅಂಗಡಿಯಲ್ಲಿ ಬಿಡಿಭಾಗಗಳಾಗಿ ಸಿಗುವ ಗೂಡುಗಳನ್ನು ಮೊದಲು ನೋಡಿದೆವು. ಆರು ಕೋಳಿಗಳಿಗೆಂದು ಬರೆದಿದ್ದ ಒಂದನ್ನು ಅಳೆದು ನೋಡಿದಾಗ ಮೂರಕ್ಕಷ್ಟೇ ಸಾಕಾಗುವಂತಿತ್ತು, ಹಲಗೆಯೂ ತೆಳ್ಳಗಿತ್ತು. ಕೊಳ್ಳುವವರು ಚೀಟಿಯ ಮೇಲಿನ ಸಂಖ್ಯೆಯನ್ನು ನಂಬದೆ ಅಳತೆಪಟ್ಟಿ ಹಿಡಿದು ಹೋಗುವುದು ಒಳ್ಳೆಯದು. ಕೊನೆಗೆ ನಾನೇ ಕಟ್ಟಿದೆ: 120 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ ಪೆಟ್ಟಿಗೆ, ಕೆಳಗೆ ಇಲಿ ಹೆಗ್ಗಣ ಬಿಲ ತೋಡಿ ಸೇರಿಕೊಳ್ಳದಂತೆ ನಾಲ್ಕು ಕಾಲುಗಳ ಮೇಲೆ ಎತ್ತರಿಸಿದ್ದು. ರಾತ್ರಿ ಕೂರುವ ಅಡ್ಡಗೋಲಿಗೆ ಒಂದು ಕೋಳಿಗೆ 20ರಿಂದ 25 ಸೆಂಟಿಮೀಟರ್ ಉದ್ದ ಬೇಕು. ಗೋಲು ದುಂಡಗೆ ಸಣ್ಣದಾಗಿರಬೇಕೆಂದು ನಾನು ತಿಳಿದಿದ್ದೆ. ನಿಜವಾಗಿ ಅದು ಸುಮಾರು 5 ಸೆಂಟಿಮೀಟರ್ ಅಗಲದ ಪಟ್ಟಿಯಾಗಿದ್ದು ಅಂಚುಗಳಷ್ಟೇ ದುಂಡಗಿದ್ದರೆ, ಕೋಳಿ ಪಾದವನ್ನು ಚಪ್ಪಟೆಯಾಗಿಟ್ಟು ಹೊಟ್ಟೆಯ ಪುಕ್ಕದಿಂದ ಬೆರಳುಗಳನ್ನು ಮುಚ್ಚಿಕೊಂಡು ಕೂರಬಲ್ಲದು. ಮೊಟ್ಟೆಯಿಡುವ ಗೂಡು 30 ಸೆಂಟಿಮೀಟರ್ ಚೌಕ, ಮೂರು ನಾಲ್ಕು ಹೇಟೆಗೆ ಒಂದು ಸಾಕು. ಅದು ಅಡ್ಡಗೋಲಿಗಿಂತ ಕೆಳಗಿರಬೇಕು, ಏಕೆಂದರೆ ಕೋಳಿಗಳು ಇದ್ದುದರಲ್ಲಿ ಎತ್ತರದ ಜಾಗ ಹುಡುಕಿ ಮಲಗುತ್ತವೆ, ಮಲಗಿದಲ್ಲೇ ಹಿಕ್ಕೆ ಹಾಕುತ್ತವೆ. ನಮ್ಮವಕ್ಕೆ ಎತ್ತರಕ್ಕೆ ಹಾರುವ ಅಭ್ಯಾಸವಿರಲಿಲ್ಲವಾದ್ದರಿಂದ 45 ಸೆಂಟಿಮೀಟರ್ ಎತ್ತರದಲ್ಲಿ ಹೊಡೆದಿದ್ದ ಗೋಲನ್ನು ಕಿತ್ತು ಗೇಣುದ್ದಕ್ಕೆ ಇಳಿಸಿದೆ. ಎರಡು ವಾರ ಪ್ರತಿ ಸಂಜೆ ನಾನೂ ನನ್ನ ಹೆಂಡತಿಯೂ ಒಂದೊಂದನ್ನೇ ಎತ್ತಿ ಅದರ ಮೇಲೆ ಕೂರಿಸಿದೆವು. ಆಮೇಲೆ ತಾವಾಗಿಯೇ ಹತ್ತಿದವು.

ನೆಲಕ್ಕೆ ಊರಲ್ಲಾದರೆ ಭತ್ತದ ಹೊಟ್ಟು ಹರಡುತ್ತಿದ್ದೆವು. ಇಲ್ಲಿ ದೂಳು ತೆಗೆದ ಮರದ ಸುರುಳಿ ಹೊಟ್ಟು ಚೀಲಗಳಲ್ಲಿ ಸಿಗುತ್ತದೆ. ಒಣಹುಲ್ಲು ಹಾಕಬಾರದು; ತೇವ ಹೀರಿದರೆ ಅದರಲ್ಲಿ ಬೂಷ್ಟು ಬೆಳೆದು ಕೋಳಿಗಳ ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ.

ನರಿಯ ವಿಷಯದಲ್ಲಿ ನನ್ನನ್ನು ಎಚ್ಚರಿಸಿದವರು ಪಕ್ಕದ ಮನೆಯ ಹಿರಿಯರು. ಚಿಕನ್ ಮೆಶ್ ಎಂದು ಮಾರುವ ಷಟ್ಕೋನದ ಕಣ್ಣಿನ ತಂತಿಬಲೆ ಕೋಳಿಯನ್ನು ಹೊರಹೋಗದಂತೆ ತಡೆಯುತ್ತದೆಯೇ ಹೊರತು ನರಿಯನ್ನು ಒಳಬರದಂತೆ ತಡೆಯುವುದಿಲ್ಲ, ನರಿ ಅದನ್ನು ಹಲ್ಲಿನಿಂದ ಹರಿಯಬಲ್ಲದು. ಬೆಸುಗೆ ಹಾಕಿದ ವೆಲ್ಡ್ ಮೆಶ್ಶನ್ನೇ, ಗೂಡಿಗೆ ಸೇರಿದಂತೆ ಕೋಳಿಗಳು ಹಗಲು ಓಡಾಡುವ ಅಂಗಳದ ಸುತ್ತ ಬಿಗಿದೆವು. ಬೇಲಿಯ ಬುಡದಿಂದ ಹೊರಕ್ಕೆ 45 ಸೆಂಟಿಮೀಟರ್ ಅಗಲಕ್ಕೆ ಅದೇ ಬಲೆಯನ್ನು ನೆಲದ ಮೇಲೆ ಮಲಗಿಸಿ ಗೂಟ ಹೊಡೆದೆವು. ನರಿ ಬೇಲಿಯ ಬುಡದಲ್ಲೇ ಕೆರೆಯಲು ಶುರುಮಾಡುತ್ತದೆ, ಕಾಲಿಗೆ ಬಲೆ ಸಿಕ್ಕರೆ ಹಿಂದೆ ಸರಿದು ತೋಡುವ ಉಪಾಯ ಅದಕ್ಕೆ ಹೊಳೆಯುವುದಿಲ್ಲ. ಈಗ ಆ ಬಲೆಯ ಮೇಲೆ ಹುಲ್ಲು ಬೆಳೆದು ಮುಚ್ಚಿದೆ.

ಬಾಗಿಲು ಹಾಕುವ ಹೊತ್ತಿನದು ಇನ್ನೊಂದು ಪಾಠ. ಸಕಲೇಶಪುರದಲ್ಲಿ ವರ್ಷವಿಡೀ ಹೊತ್ತು ಮುಳುಗುವುದು ಆರರಿಂದ ಏಳರ ನಡುವೆ. ಕೋಳಿ ಸೇರಿಸುವ ಸಮಯವೆಂದರೆ ದೀಪ ಹಚ್ಚುವ ಸಮಯ. ಇಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಕ್ಕೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಒಂಬತ್ತೂವರೆಗೆ. ಚಳಿಗಾಲದಲ್ಲಿ ನಾನು ಕೆಲಸದಿಂದ ಬರುವ ಮೊದಲೇ ಅವು ಗೂಡು ಸೇರಿರುತ್ತವೆ, ಬಾಗಿಲು ಮಾತ್ರ ತೆರೆದೇ ಇರುತ್ತದೆ. ಆದ್ದರಿಂದ ಬೆಳಕಿಗೆ ತಕ್ಕಂತೆ ತಾನೇ ಏರಿಳಿಯುವ ಬ್ಯಾಟರಿ ಬಾಗಿಲನ್ನು ಕೊಂಡೆವು. ಒಟ್ಟು ಖರ್ಚಿನಲ್ಲಿ ಅದೇ ದುಬಾರಿ, ಆದರೂ ಎರಡನೆಯ ಸಲ ಕಟ್ಟುವುದಾದರೆ ನಾನು ಮೊದಲು ಕೊಳ್ಳುವುದು ಅದನ್ನೇ.

ತೊಟ್ಟಿಕ್ಕುತ್ತಿದ್ದ ಚಾವಣಿಯ ಸಂಗತಿಯನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲ ಮಗಾ, ನಮ್ಮ ಕೊಟ್ಟಿಗೆಗೆ ಯಾವತ್ತಾದರೂ ಸೂರಿನ ತನಕ ಗೋಡೆ ಎಬ್ಬಿಸಿದ್ವಾ? ಅದರ ಮೈಮೇಲೆ ಪುಕ್ಕ ಇಲ್ವಾ? ಒದ್ದೆ ಆಗದ ಹಾಗೆ ನೋಡ್ಕೋ, ಸಾಕು" ಎಂದರು. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಪುಕ್ಕ ಒಣಗಿದ್ದರೆ ಡೆವನ್‌ನ ಚಳಿಯನ್ನು ಅದು ಸುಲಭವಾಗಿ ತಡೆದುಕೊಳ್ಳುತ್ತದೆ. ಅದಕ್ಕೆ ಆಗದಿರುವುದು ತೇವ ಮತ್ತು ಕೆಟ್ಟ ಗಾಳಿ. ಅಂದೇ ಬಟ್ಟೆಗಳನ್ನೆಲ್ಲ ಕಿತ್ತೆಸೆದು, ಸೂರಿನ ಕೆಳಗೆ ಎರಡೂ ಬದಿಗೆ ಗೂಡಿನ ಉದ್ದಕ್ಕೂ ನಾಲ್ಕು ಬೆರಳಗಲದ ಸೀಳು ಬಿಡಿಸಿ ಬಲೆ ಹೊಡೆದೆ. ಕೂತ ಕೋಳಿಯ ತಲೆಗಿಂತ ಮೇಲಿರುವುದರಿಂದ ಗಾಳಿ ನೇರವಾಗಿ ಅವುಗಳಿಗೆ ಹೊಡೆಯುವುದಿಲ್ಲ, ಬಿಸಿಯಾದ ತೇವದ ಗಾಳಿ ಮೇಲಿನಿಂದಲೇ ಹೊರಟುಹೋಗುತ್ತದೆ. ಮೂರನೆಯ ದಿನ ಹಲಗೆ ಒಣಗಿತ್ತು.

ಬೇಸಿಗೆಯಲ್ಲಿ ಕೆಂಪು ನುಸಿಯ ಕಾಟ ಬಂತು. ಇದು ಹಗಲು ಮರದ ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ಕೋಳಿಯ ರಕ್ತ ಹೀರುತ್ತದೆ, ಖಾಲಿ ಗೂಡಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಅಡ್ಡಗೋಲಿನ ಅಡಿಯನ್ನು ರಾತ್ರಿ ಬಿಳಿಯ ಕಾಗದದಿಂದ ಒರೆಸಿದಾಗ ಕೆಂಪು ಗೀರು ಮೂಡಿದರೆ ಅದು ಸೇರಿಕೊಂಡಿದೆಯೆಂದೇ ಅರ್ಥ. ನಾನು ಚಾವಣಿಗೆ ಹಾಸಿದ್ದ ಡಾಂಬರು ಫೆಲ್ಟಿನ ಅಡಿಯೇ ಅದರ ತವರಾಗಿತ್ತು. ಫೆಲ್ಟನ್ನು ಪೂರ್ತಿ ಸುಲಿದು ಅಲೆಯಲೆಯಾದ ಶೀಟು ಹೊದಿಸಿದೆ, ಗೋಲುಗಳ ಮೊಳೆ ಕಿತ್ತು, ಬೇಕಾದಾಗ ತೆಗೆದು ತೊಳೆಯಲು ಬರುವಂತೆ ಕಚ್ಚುಗಳಲ್ಲಿ ಕೂರಿಸಿದೆ.

ಊರಿನವರು ಕೇಳಿದರೆ ನಂಬದ ಮಾತೊಂದಿದೆ: ಇಲ್ಲಿ ಮನೆಯ ಅಡುಗೆಮನೆ ಹೊಕ್ಕು ಬಂದ ಅನ್ನವನ್ನಾಗಲಿ ತರಕಾರಿ ಸಿಪ್ಪೆಯನ್ನಾಗಲಿ ಕೋಳಿಗೆ ಹಾಕುವುದು ಕಾನೂನಿಗೆ ವಿರುದ್ಧ. ತೋಟದಿಂದ ನೇರವಾಗಿ ಕಿತ್ತ ಸೊಪ್ಪನ್ನು ಹಾಕಬಹುದು. ಹಾಗಾಗಿ ಕೋಳಿಯಂಗಳಕ್ಕೆ ಹೊಂದಿಕೊಂಡೇ ಒಂದು ಮಡಿ ಮಾಡಿ ಪಾಲಕ್ ಬಿತ್ತಿದ್ದೇವೆ.

ಇನ್ನು ಆಗಬೇಕಾದ ಕೆಲಸ ಅಂಗಳದ ಮೇಲ್ಛಾವಣಿ. ಹಕ್ಕಿಜ್ವರದಿಂದಾಗಿ ಇಂಗ್ಲೆಂಡಿನಲ್ಲಿ 2022ರ ನವೆಂಬರ್ 7ರಿಂದ 2023ರ ಏಪ್ರಿಲ್ 18ರವರೆಗೆ ಸಾಕುಹಕ್ಕಿಗಳನ್ನೆಲ್ಲ ಒಳಗೇ ಇಡಬೇಕೆಂಬ ಆದೇಶವಿತ್ತು. ಅಂಥ ಆದೇಶ ಮತ್ತೆ ಬಂದರೆ, ಮೇಲೆ ಹಾರುವ ಕಾಡುಹಕ್ಕಿಗಳ ಹಿಕ್ಕೆ ಒಳಗೆ ಬೀಳದಂತೆ ಮುಚ್ಚಿದ, ಆದರೆ ಕೋಳಿಗಳು ನೆಲ ಕೆದರಿ ಓಡಾಡುವಷ್ಟು ವಿಶಾಲವಾದ ಜಾಗ ಇರಲೇಬೇಕು. ಎ4 ಕಾಗದದಷ್ಟು ಜಾಗದಿಂದ ಬಂದವುಗಳನ್ನು ಐದು ತಿಂಗಳು ಮತ್ತೆ ಪೆಟ್ಟಿಗೆಯೊಳಗೆ ಕೂಡಿಹಾಕಲು ನಮ್ಮಿಂದಾಗದು. ಬೆಳಕು ಬಿಡುವ ಶೀಟುಗಳನ್ನು ತಂದು ಗೋಡೆಗೆ ಒರಗಿಸಿಟ್ಟಿದ್ದೇನೆ. ಮುಂದಿನ ಶನಿವಾರ ಮಳೆ ಬಿಡುವು ಕೊಟ್ಟರೆ ಪಕ್ಕದ ಮನೆಯ ಹಿರಿಯರು ಏಣಿ ತಂದು ಕೈಜೋಡಿಸುವುದಾಗಿ ಹೇಳಿದ್ದಾರೆ.