ಬಾಗಿಲಿರುವ ಸೀಟು

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಕಾಕಾ ಮತ್ತು ಕಾಕು ಮುಂದಿನ ತಿಂಗಳು ಮಗನ ಬಳಿಗೆ ಲಂಡನ್ನಿಗೆ ಹೊರಟಿದ್ದಾರೆ. ಮಗ ಬಿಸಿನೆಸ್ ಕ್ಲಾಸಿನ ಟಿಕೆಟ್ ತೆಗೆಸಿ, ಇಬ್ಬರಿಗೂ ಒಂದರ ಹಿಂದೊಂದು ಕಿಟಕಿಯ ಸೀಟು ಹಿಡಿದು, ಅದರ ನಕ್ಷೆಯನ್ನು ಈ ವಾರ ಫೋನಿಗೆ ಕಳಿಸಿದ. ಒಂದೊಂದು ಸೀಟಿಗೂ ಸುತ್ತ ಗೋಡೆ, ಜಾರುಬಾಗಿಲು. ಕಾಕಾ ಬಹಳ ಹೊತ್ತು ನೋಡಿ, “ಇದು ರೈಲಿನ ಸೈಡ್ ಲೋವರ್ ಆತಲ್ಲೋ” ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ತಮ್ಮಾ, ರಾತ್ರಿ ಆಕಿ ಕೆಮ್ಮಿದ್ರ ನನಗ ಕೇಳಸ್ತದೇನು?”

ಇಂಥ ಸೀಟುಗಳನ್ನು ಹೋಲಿಸಿ ಬರೆಯುವವರು ಹಾಸಿಗೆಯ ಉದ್ದ ಅಳೆಯುತ್ತಾರೆ, ಭುಜದ ಬಳಿಯ ಅಗಲ ನೋಡುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದವರು ಎಷ್ಟು ಮರೆಯಾಗುತ್ತಾರೆ ಎಂಬುದಕ್ಕೆ ಅಂಕ ಕೊಡುತ್ತಾರೆ. ಕೆಮ್ಮು ಕೇಳಿಸುತ್ತದೆಯೇ ಎಂದು ಯಾರೂ ಕೇಳಿದ್ದಿಲ್ಲ. ಅವರ ಲೆಕ್ಕದಲ್ಲಿ ಎಮಿರೇಟ್ಸ್‌ನ ಅನೇಕ ಬೋಯಿಂಗ್ 777 ವಿಮಾನಗಳಲ್ಲಿದ್ದ 2-3-2 ಜೋಡಣೆ (ಒಂದು ಸಾಲಿನಲ್ಲಿ ಎರಡು, ಮೂರು, ಎರಡು ಸೀಟು, ನಡುನಡುವೆ ಓಡಾಡುವ ದಾರಿ) ಹಳೆಯ ಕಾಲದ್ದು, ಏಕೆಂದರೆ ಅಷ್ಟು ರೊಕ್ಕ ಕೊಟ್ಟವರೂ ನಡುವಿನ ಸೀಟಿನಲ್ಲಿ ಸಿಕ್ಕಿಕೊಳ್ಳಬಹುದು. 2017ರಲ್ಲಿ ಕತಾರ್ ಏರ್‌ವೇಸ್ ತಂದ ಬಾಗಿಲುಳ್ಳ ಕ್ಯೂಸೂಟ್, 2024ರಲ್ಲಿ ಏರ್ ಇಂಡಿಯಾದ ಎ350 ವಿಮಾನದಲ್ಲಿ ಬಂದ, ಪ್ರತಿ ಸೀಟಿನ ಪಕ್ಕದಲ್ಲೂ ದಾರಿ ಇರುವ 1-2-1 ಸೂಟ್‌ಗಳು ಮೇಲಿನ ದರ್ಜೆಯವು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಾಗ ಒಬ್ಬರು ಮುಂದಕ್ಕೆ, ಪಕ್ಕದವರು ಹಿಂದಕ್ಕೆ ಮುಖ ಮಾಡಿ ಕೂರುವಂತಿತ್ತು. ನಡುವಿನ ತೆರೆ ಏರುವವರೆಗೆ ಅಪರಿಚಿತರ ಮುಖ ನೋಡುತ್ತ ಕೂರಬೇಕೆಂದು ಅದನ್ನು ಗೇಲಿ ಮಾಡಿದವರು ಬಹಳ. ನಮ್ಮ ಕಾಕಾನಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಸೀಟು ಇನ್ನೊಂದಿರಲಿಕ್ಕಿಲ್ಲ, ಏಕೆಂದರೆ ಎದುರಿಗೆ ಕಾಣುವ ಮುಖ ಕಾಕುವಿನದೇ ಆಗಿರುತ್ತಿತ್ತು.

1-2-1 ಜೋಡಣೆಯನ್ನು ನಾನು ಹಳಿಯುವುದಿಲ್ಲ. ಮೊಣಕಾಲು ನೋವಿನ ಕಾಕಾ ರಾತ್ರಿ ಏಳುವಾಗ ಮಲಗಿದವರ ಕಾಲು ದಾಟಬೇಕಾಗಿಲ್ಲ ಎಂಬುದು ದೊಡ್ಡ ಅನುಕೂಲವೇ. ಆದರೆ ಓರೆಯಾಗಿ ಕೂರಿಸಿದ ಅನೇಕ ಸೀಟುಗಳಲ್ಲಿ ಪಾದ ಇಡುವ ಗೂಡು ಇಕ್ಕಟ್ಟು. ಕಾಲು ಬಾತುಕೊಳ್ಳುವ ಕಾಕುವಿಗೆ ಅದು ಭುಜದ ಅಗಲಕ್ಕಿಂತ ಮುಖ್ಯ.

ಮಗನಿಗೆ ನಾನೇ ಫೋನ್ ಮಾಡಿ ನಡುವಿನ ಜೋಡಿ ಸೀಟು ನೋಡೆಂದೆ. ಅಲ್ಲಿಯೂ ಎಚ್ಚರ ಬೇಕು: ಕೆಲವು ವಿಮಾನಗಳಲ್ಲಿ ಒಂದು ಸಾಲಿನ ಜೋಡಿ ಒತ್ತಿಕೊಂಡಿದ್ದರೆ, ಮುಂದಿನ ಸಾಲಿನಲ್ಲಿ ಇಬ್ಬರ ನಡುವೆ ಮೇಜುಗಳು ಬಂದಿರುತ್ತವೆ. “ಪ್ರೈವೆಸಿ ಸಲುವಾಗೇ ಅಷ್ಟು ರೊಕ್ಕ ಕೊಟ್ಟೀನಿ” ಎಂದು ಅವನು ಗೊಣಗಿದ. ಹುಡುಗ ಒಳ್ಳೆಯವನೇ, ಆದರೆ ಆಫೀಸಿನ ಖರ್ಚಿನಲ್ಲಿ ಒಬ್ಬನೇ ತಿರುಗಿ ತಿರುಗಿ, ಸುಖವೆಂದರೆ ಯಾರೂ ಹತ್ತಿರ ಇಲ್ಲದಿರುವುದು ಎಂದು ಅವನಿಗೆ ರೂಢಿಯಾಗಿದೆ. ಅಪ್ಪನ ಕೆಮ್ಮಿನ ಪ್ರಶ್ನೆಯನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಸೀಟು ಬದಲಿಸಿದ.

ನಡುವೆ ಏರಿಳಿಸುವ ತೆರೆಯೊಂದು ಇರುತ್ತದೆ ಎಂದು ನಾನು ವಿವರಿಸುತ್ತಿದ್ದಾಗ ಕಾಕು ಅಡಿಗೆಮನೆಯಿಂದಲೇ ಕೂಗಿದರು: “ಅದನ್ನ ಇಳಿಸೂದು ಹ್ಯಾಂಗ ಅಂತ ಇವ್ರಿಗೆ ಈಗ ಹೇಳಿಕೊಡು. ಗುಳಿಗಿ ಡಬ್ಬಿ ನನ್ನ ಕಡೆ ಇರ್ತದ.”