ರೆಪ್ಲಿಕಾ ಸ್ಪೋರ್ಟ್ಸ್ ಕಾರು: ಕೇಳುವಷ್ಟು ಬೆಲೆ ಬಾಳುತ್ತದೆಯೇ?

ರೆಪ್ಲಿಕಾ ಅಂದರೆ ಹೆಸರಾಂತ ಹಳೆಯ ಕಾರಿನ ರೂಪದಲ್ಲೇ ಆಮೇಲೆ ಕಟ್ಟಿದ ನಕಲು. ಅಮೆರಿಕದ ಕ್ಯಾರೊಲ್ ಶೆಲ್ಬಿ ಫೋರ್ಡ್ ಎಂಜಿನ್ ಕೂರಿಸಿ ರೂಪಿಸಿದ ಸ್ಪೋರ್ಟ್ಸ್ ಕಾರು ಕೋಬ್ರಾವನ್ನೇ ನೋಡಿ: 1962ರಿಂದ 1967ರವರೆಗೆ ತಯಾರಾದ ಅಸಲಿ ಕೋಬ್ರಾಗಳು ಹೆಚ್ಚುಕಮ್ಮಿ ಒಂದು ಸಾವಿರ. ಅವುಗಳಲ್ಲಿ ಮೊಟ್ಟಮೊದಲನೆಯದು, ಚಾಸಿ ಸಂಖ್ಯೆ ಸಿಎಸ್‌ಎಕ್ಸ್2000, 2016ರ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಹೋಯಿತು. ರೆಪ್ಲಿಕಾ ಮಾರುವವರಿಗೆ ಈ ಅಂಕಿ ಬಾಯಿಪಾಠ. ಆದರೆ ಅಸಲಿ ಕಾರಿಗೆ ಕೊಡುವ ಹಣ ಅದರ ಚರಿತ್ರೆಗೆ ಕೊಡುವ ಹಣ, ರೆಪ್ಲಿಕಾಗೆ ಕೊಡುವುದು ಅದನ್ನು ಕಟ್ಟಿದವರ ಕೆಲಸಕ್ಕೆ. ಕೆಲಸ ಚೆನ್ನಾಗಿದ್ದರೆ ದೊಡ್ಡ ಬೆಲೆ ನ್ಯಾಯವೇ ಎಂಬುದು ನನ್ನ ಖಚಿತ ಅಭಿಪ್ರಾಯ. ತೊಂದರೆ ಏನೆಂದರೆ, ಆ ಕೆಲಸದಲ್ಲಿ ಮುಕ್ಕಾಲು ಪಾಲು ಫೋಟೊದಲ್ಲಿ ಕಾಣುವುದಿಲ್ಲ.

ಮೊದಲು ಬಾಡಿ ನೋಡಿ, ಏಕೆಂದರೆ ಹೆಚ್ಚಿನ ದುಡ್ಡು ಕರಗುವುದು ಅಲ್ಲೇ. ಅಚ್ಚಿನಿಂದ ಬಿಡಿಸಿದ ಫೈಬರ್‌ಗ್ಲಾಸ್ ಬಾಡಿಯ ಮೇಲೆ ಅಚ್ಚಿನ ತುಂಡುಗಳು ಕೂಡಿದ್ದ ಕಡೆಯೆಲ್ಲ ಗೆರೆ ಉಳಿದಿರುತ್ತದೆ. ಅದನ್ನು ಆಳಕ್ಕೆ ಉಜ್ಜಿ ತೆಗೆದು, ನಾರು ಬೆರೆತ ಪುಟ್ಟಿ ತುಂಬಿ, ಉದ್ದನೆಯ ಬ್ಲಾಕಿಗೆ 80ನೇ ನಂಬರಿನ ಸ್ಯಾಂಡ್‌ಪೇಪರ್ ಸುತ್ತಿ ಮಟ್ಟ ಮಾಡಬೇಕು. ಆಮೇಲೆ 180, ದಪ್ಪ ಪ್ರೈಮರ್, 320, ಮತ್ತೆ ಪ್ರೈಮರ್, ಕೊನೆಗೆ 600. ಬಾಗಿಲು, ಬಾನೆಟ್, ಡಿಕ್ಕಿಯ ಸಂದು ಎಲ್ಲ ಕಡೆ ನಾಲ್ಕೈದು ಮಿಲಿಮೀಟರ್ ಬರುವಂತೆ ಅಂಚುಗಳನ್ನು ಕಟ್ಟುವುದು, ಕೆತ್ತುವುದು ಬೇರೆ. ನುರಿತವರಿಗೂ ಇದು ಸುಲಭವಾಗಿ 200 ಗಂಟೆ ದಾಟುವ ಕೆಲಸ. ಅವಸರಪಟ್ಟರೆ ಶಿಕ್ಷೆ ತಡವಾಗಿ ಬರುತ್ತದೆ. ಬಾಡಿಯ ನಾರನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್ ಅಚ್ಚಿನಿಂದ ಹೊರಬಂದ ಮೇಲೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಿರುತ್ತದೆ. ಬಾಡಿಯನ್ನು ಕೆಲವು ವಾರವಾದರೂ ಬಿಸಿಲಿಗೆ ಬಿಡದೆ ಬಣ್ಣ ಹೊಡೆದರೆ, ಮುಂದಿನ ಬೇಸಿಗೆಯಲ್ಲಿ ಪುಟ್ಟಿ ತುಂಬಿದ ಗೆರೆ, ಒಳಗಿನ ನಾರಿನ ಹೆಣಿಗೆ ಎರಡೂ ಬಣ್ಣದ ಮೇಲೆ ಮೂಡುತ್ತವೆ. ಹಾಗಾಗಿ ಕಾರನ್ನು ನಡುಮಧ್ಯಾಹ್ನ ನೋಡಬೇಡಿ. ಸಂಜೆಯ ಓರೆ ಬೆಳಕಿನಲ್ಲಿ ಫೆಂಡರ್ ಉದ್ದಕ್ಕೂ ಕಣ್ಣು ಹಾಯಿಸಿ, ಅಥವಾ ಟ್ಯೂಬ್‌ಲೈಟಿನ ಪ್ರತಿಬಿಂಬ ಎಲ್ಲಿ ನಡುಗುತ್ತದೆ ಗಮನಿಸಿ. ಹಿಂಜ್ ಸುತ್ತ ನಕ್ಷತ್ರದಂತೆ ಬಿರುಕಿದ್ದರೆ ಅಲ್ಲಿ ಬಾಡಿ ತೆಳುವಾಗಿದೆ, ಇಲ್ಲವೇ ಬೋಲ್ಟ್ ಎಳೆದು ಕೂರಿಸಿದ್ದಾರೆ.

ಎಂಜಿನ್ ವಿಷಯದಲ್ಲಿ ಮಾತು ಜಾಸ್ತಿ. ಕೋಬ್ರಾ ರೆಪ್ಲಿಕಾದಲ್ಲಿ ‘427’ ಅಂದರೆ ಹೆಚ್ಚಾಗಿ ಫೋರ್ಡಿನ 351 ಘನ ಇಂಚಿನ ವಿಂಡ್ಸರ್ ಎಂಜಿನ್ ಬ್ಲಾಕಿಗೆ ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿ 427 ಘನ ಇಂಚಿಗೆ, ಅಂದರೆ 7 ಲೀಟರಿಗೆ ಏರಿಸಿದ್ದು. ಒಳ್ಳೆಯ ಎಂಜಿನ್ನೇ, ತೂಕವೂ ಕಡಿಮೆ. ಆದರೆ ಅರವತ್ತರ ದಶಕದ ಫೋರ್ಡ್ ಎಫ್‌ಇ ಸಾಲಿನ ಅಸಲಿ 427 ಎಂಜಿನ್ನಿನ ಬೆಲೆ ಅದಕ್ಕಿಲ್ಲ. ಕಂಡುಹಿಡಿಯುವುದು ಕಷ್ಟವೇನಲ್ಲ: ಎಫ್‌ಇಯಲ್ಲಿ ವಾಲ್ವ್ ಕವರಿನ ಒಳ ಅಂಚು ಇಂಟೇಕ್ ಮ್ಯಾನಿಫೋಲ್ಡಿನ ಮೇಲೆಯೇ ಕೂರುತ್ತದೆ, ವಿಂಡ್ಸರಿನಲ್ಲಿ ಪೂರ್ತಿ ಸಿಲಿಂಡರ್ ಹೆಡ್ ಮೇಲೆ. ಕವರಿನ ಮೇಲೆ ಬರೆದಿರುವ ಹೆಸರು ಏನನ್ನೂ ಸಾಬೀತು ಮಾಡುವುದಿಲ್ಲ. ಎಂಜಿನ್ ಹಿಂದೆ ಯಾವ ಗೇರ್‌ಬಾಕ್ಸ್ ಇದೆ ಎಂದೂ ಕೇಳಿ. ಹಳೆಯ ಮಸ್ಟಾಂಗ್‌ನಿಂದ ಬಿಚ್ಚಿದ ಟಿ-5 ಗೇರ್‌ಬಾಕ್ಸ್ ತಾಳುವುದು ಸುಮಾರು 300 ಪೌಂಡ್-ಅಡಿ ಟಾರ್ಕ್. 500 ಅಶ್ವಶಕ್ತಿಯ ಎಂಜಿನ್ನಿಗೆ ಅದನ್ನು ಜೋಡಿಸಿದ್ದರೆ, ಹೊಸ ಗೇರ್‌ಬಾಕ್ಸಿನ ಖರ್ಚನ್ನು ಬೆಲೆಯಲ್ಲಿ ಆಗಲೇ ಕಳೆದುಬಿಡಿ.

ಪೋರ್ಷ 356 ಸ್ಪೀಡ್‌ಸ್ಟರ್ ರೆಪ್ಲಿಕಾಗಳಲ್ಲಿ ಹುಳುಕು ಇರುವುದು ತಳದಲ್ಲಿ, ಏಕೆಂದರೆ ಅವನ್ನು ಹೆಚ್ಚಾಗಿ ಬೀಟಲ್ ಕಾರಿನ ತಳದ ಮೇಲೆ ಕಟ್ಟಿರುತ್ತಾರೆ. ಫೋಕ್ಸ್‌ವ್ಯಾಗನ್ ಬೀಟಲ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2400 ಮಿಲಿಮೀಟರ್, ಸ್ಪೀಡ್‌ಸ್ಟರಿನದು 2100. ಅದಕ್ಕಾಗಿ ಬೀಟಲ್‌ನ ತಳವನ್ನು ನಡುವೆ ಸುಮಾರು 30 ಸೆಂಟಿಮೀಟರ್ ಕತ್ತರಿಸಿ ಬೆಸೆಯುತ್ತಾರೆ. ನಡುವಿನ ಸುರಂಗದೊಳಗೆ ಗೇರ್ ಕಡ್ಡಿ, ಕ್ಲಚ್ ಕೇಬಲಿನ ಕೊಳವೆ, ಆಕ್ಸಿಲರೇಟರ್ ಕೇಬಲಿನ ಕೊಳವೆ ಇವೆ. ಎಲ್ಲವನ್ನೂ ಅಷ್ಟೇ ಕಡಿಮೆ ಮಾಡಿ ನೇರವಾಗಿ ಕೂಡಿಸಬೇಕು. ಕೊಳವೆ ಸೊಟ್ಟಗಾದರೆ ಕ್ಲಚ್ ಬಿಗಿ, ಕಡ್ಡಿ ಸೊಟ್ಟಗಾದರೆ ಎರಡನೇ ಗೇರಿಗೆ ಹುಡುಕಾಟ. ಕಾರಿನ ಕೆಳಗೆ ಮಲಗಿ ಬೆಸುಗೆಯ ಸಾಲು ನೋಡಿ. ಬೀಟಲ್‌ನಲ್ಲಿ ಬ್ಯಾಟರಿ ಇದ್ದ ಬಲಹಿಂಬದಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ; ಆಸಿಡ್ ಬಿದ್ದು ಮೊದಲು ತುಕ್ಕು ತಿನ್ನುವ ಜಾಗ ಅದು. ಹಿಂಚಕ್ರಗಳಿಗೆ ಹಳೆಯ ಸ್ವಿಂಗ್ ಆಕ್ಸಲ್ ಇದೆಯೋ, ನಂತರದ ತಲೆಮಾರಿನ ಸ್ವತಂತ್ರ ಸಸ್ಪೆನ್ಷನ್ ಇದೆಯೋ ಎಂಬುದರ ಮೇಲೂ ಬೆಲೆ ಬದಲಾಗಬೇಕು. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಸ್ವಿಂಗ್ ಆಕ್ಸಲ್‌ನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. 100 ಅಶ್ವಶಕ್ತಿಗೆ ಹಿಗ್ಗಿಸಿದ ಎಂಜಿನ್ ಜೊತೆ ಅದು ಸಣ್ಣ ವಿಷಯವಲ್ಲ.

ವೈರಿಂಗ್ ಪರೀಕ್ಷೆ ಒಂದೇ ನಿಮಿಷದ್ದು. ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಬಾಡಿಗೆ ಕೂರಿಸಿದ ಪ್ರತಿ ದೀಪಕ್ಕೂ ಬೇರೆಯೇ ಅರ್ಥ್ ತಂತಿ ಬೇಕು. ಹೆಡ್‌ಲೈಟ್ ಹಾಕಿದಾಗ ಪೆಟ್ರೋಲ್ ಮುಳ್ಳು ಅಲುಗಿದರೆ ಅರ್ಥ್ ಕಡೆ ಕೈಬಿಗಿ ಮಾಡಿದ್ದಾರೆ ಎಂದೇ ಅರ್ಥ. ಹೀಗೆ ಉಳಿಸಿದವರು ಬ್ರೇಕ್ ಪೈಪಿನಲ್ಲೂ ಉಳಿಸಿರುತ್ತಾರೆ.

‘ರಸೀದಿಗಳ ಮೊತ್ತ ಇಷ್ಟು, ನನ್ನ ದುಡಿಮೆ ಅಷ್ಟು’ ಎಂಬ ಲೆಕ್ಕವನ್ನು ಬೆಲೆ ಎಂದು ಒಪ್ಪಿಕೊಳ್ಳಬೇಡಿ. ಕಟ್ಟಿದವರಿಗೆ ಆದ ಖರ್ಚು ಬೇರೆ, ಕಾರಿನ ಮೌಲ್ಯ ಬೇರೆ. ಎರಡು ಸಲ ಹೊಡೆಸಿದ ಬಣ್ಣಕ್ಕೆ ಎರಡು ಸಲ ದುಡ್ಡು ಸಿಗದು. ರಸೀದಿಗಳ ನಿಜವಾದ ಉಪಯೋಗ ಬೇರೆ: ಯಾವ ಬಿಡಿಭಾಗ, ಯಾವ ವರ್ಷದ್ದು ಎಂಬುದು ಅವುಗಳಿಂದ ತಿಳಿಯುತ್ತದೆ. ಬಾಡಿ ಕೂರಿಸುವ ಮುಂಚಿನ ಚಾಸಿಯ ಫೋಟೊಗಳಿದ್ದರೆ ಇನ್ನೂ ಒಳ್ಳೆಯದು, ಆಮೇಲೆ ಆ ಜಾಗಗಳಿಗೆ ಕಣ್ಣೂ ಕೈಯೂ ಹೋಗುವುದಿಲ್ಲ. ಕೈಯಲ್ಲಿ ಬಡಿದು ರೂಪಿಸಿದ ಅಲ್ಯೂಮಿನಿಯಂ ಬಾಡಿ, ಶೆಲ್ಬಿ ಕಂಪನಿಯೇ ಆಮೇಲೆ ಕಟ್ಟಿದ ಕಾರುಗಳ ಸಿಎಸ್‌ಎಕ್ಸ್4000 ಸರಣಿಯ ಸಂಖ್ಯೆ — ಇವೆರಡಕ್ಕೆ ಹೆಚ್ಚು ಕೇಳಿದರೆ ಕೊಡಬಹುದು, ಮರುಮಾರಾಟದಲ್ಲೂ ಆ ವ್ಯತ್ಯಾಸ ನಿಲ್ಲುತ್ತದೆ.

ಅರ್ಧಕ್ಕೆ ನಿಂತ ಕಿಟ್ (ಬಿಡಿಭಾಗಗಳಾಗಿ ಕೊಂಡು ಜೋಡಿಸುವ ಕಾರು) ಅಗ್ಗ ಎಂದು ಹಾರಬೇಡಿ. ಕಂಪನಿಯ ಪ್ಯಾಕಿಂಗ್ ಪಟ್ಟಿ ಹಿಡಿದು ಒಂದೊಂದೇ ಪೆಟ್ಟಿಗೆ ತೆರೆದು ಎಣಿಸಿ. ವರ್ಷಗಟ್ಟಲೆ ಕೂತ ಟೈರು, ರಬ್ಬರ್ ಪೆಟ್ರೋಲ್ ಪೈಪು, ಬ್ರೇಕ್ ಸೀಲು ಇವನ್ನು ಇಲ್ಲವೆಂದೇ ಲೆಕ್ಕ ಹಾಕಿ, ಬಾಡಿಯ ಆ 200 ಗಂಟೆ ಇನ್ನೂ ಪೂರ್ತಿ ಬಾಕಿ ಇದೆ ಎಂದು ಸೇರಿಸಿ, ಆಮೇಲೆ ಚೌಕಾಸಿಗೆ ಕೂರಿ.