ಹ್ಯಾಮ್‌ಸ್ಟ್ರಿಂಗ್ ಟಿಎಂಎಸ್: ತಲೆಗಿಂತ ತೊಡೆಯದೇ ತಕರಾರು

ಜುಲೈ 12, 2025, ಶನಿವಾರ
ಬೆಂಗಳೂರು

ಟಿಎಂಎಸ್ ಎಂದರೆ ತಲೆಯ ಮೇಲೆ ತಂತಿಸುರುಳಿ (ಕಾಯಿಲ್) ಹಿಡಿದು ಕಾಂತಕ್ಷೇತ್ರದಿಂದ ಮೆದುಳನ್ನು ಉದ್ದೀಪಿಸುವ ವಿಧಾನ. ಅದನ್ನು ಕೈಬೆರಳಿನ ಸ್ನಾಯುವಿನ ಮೇಲೆ ಕಲಿತವರು ತೊಡೆಯ ಹಿಂಭಾಗಕ್ಕೆ ಬಂದ ಕೂಡಲೇ ಕಾಯಿಲ್ ಸರಿಯಿಲ್ಲ, ಯಂತ್ರದ ಶಕ್ತಿ ಸಾಲದು ಎಂದು ಗೊಣಗಲು ಶುರುಮಾಡುತ್ತಾರೆ. ಹೆಚ್ಚಿನ ಸಲ ತೊಂದರೆ ಇರುವುದು ತಲೆಯ ಮೇಲಲ್ಲ, ತೊಡೆಯಲ್ಲಿ. ಅದಕ್ಕೇ ಇವತ್ತಿನ ಟಿಪ್ಪಣಿ ಪೂರ್ತಿ ಹ್ಯಾಮ್‌ಸ್ಟ್ರಿಂಗ್‌ಗೆ, ಅಂದರೆ ತೊಡೆಯ ಹಿಂಭಾಗದ ಸ್ನಾಯುಗಳಿಗೆ.

ತತ್ವ ಚಿಕ್ಕದು. 1985ರಲ್ಲಿ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿದ್ದೇ ಇವತ್ತಿಗೂ ನಡೆಯುತ್ತಿದೆ. ಕಾಯಿಲ್‌ನಲ್ಲಿ ಕ್ಷಣಮಾತ್ರ ಭಾರೀ ಕರೆಂಟ್ ಹರಿದಾಗ ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆಯನ್ನು ದಾಟಿ ಮೆದುಳಿನ ಚಲನಾ ಭಾಗದ ನರಕೋಶಗಳನ್ನು ಎಬ್ಬಿಸುತ್ತದೆ. ಆ ಸಂಕೇತ ಬೆನ್ನುಹುರಿಯಲ್ಲಿ ಇಳಿದು, ಸೊಂಟದ ಕೆಳಭಾಗದ ನರಬೇರುಗಳಿಂದ ಸಯಾಟಿಕ್ ನರ ಹಿಡಿದು ಸ್ನಾಯು ಸೇರುತ್ತದೆ. ಸ್ನಾಯುವಿನ ವಿದ್ಯುತ್ತನ್ನು ಎಲೆಕ್ಟ್ರೋಡ್‌ನಿಂದ ದಾಖಲಿಸುವ ಇಎಂಜಿಯಲ್ಲಿ ಆಗ ಕಾಣುವ ಉಬ್ಬೇ ಎಂಇಪಿ. ಕಾಯಿಲ್‌ನ ಪಲ್ಸ್ ಕೊಟ್ಟ ಮೇಲೆ ಹ್ಯಾಮ್‌ಸ್ಟ್ರಿಂಗ್‌ಗೆ ಅದು ಸಾಮಾನ್ಯವಾಗಿ 20ರಿಂದ 30 ಮಿಲಿಸೆಕೆಂಡ್ ನಡುವೆ ಬರುತ್ತದೆ. ಎತ್ತರದ ಆಳಿಗೆ ಸ್ವಲ್ಪ ತಡ.

ಕಾಲಿನ ಚಲನಾ ಭಾಗ ಎರಡು ಅರೆಮೆದುಳುಗಳ ನಡುವಿನ ಸಂದಿನಲ್ಲಿ, ನೆತ್ತಿಯಿಂದ ಮೂರು-ನಾಲ್ಕು ಸೆಂಟಿಮೀಟರ್ ಆಳದಲ್ಲಿ ಅಡಗಿದೆ. ಕೈಗೆ ಬಳಸುವ ಚಪ್ಪಟೆ ಎಂಟರಾಕಾರದ ಕಾಯಿಲ್ ಅಲ್ಲಿಯವರೆಗೆ ಸಲೀಸಾಗಿ ತಲುಪುವುದಿಲ್ಲ. ಎರಡು ರೆಕ್ಕೆ ಬಾಗಿರುವ ಡಬಲ್ ಕೋನ್ ಕಾಯಿಲ್ ಬೇಕು. ಮೆದುಳಿನಲ್ಲಿ ಪ್ರೇರಿತವಾಗುವ ಕರೆಂಟ್ ಹಿಂದಿನಿಂದ ಮುಂದಕ್ಕೆ ಹರಿಯುವಂತೆ ಇಡಬೇಕು. ಕಾಯಿಲ್ ಮೇಲಿನ ಬಾಣ ಯಾವ ಕರೆಂಟ್‌ನ ದಿಕ್ಕು ತೋರಿಸುತ್ತದೆ, ಕಾಯಿಲ್‌ನದೋ ಮೆದುಳಿನದೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ, ಯಾಕೆಂದರೆ ಎರಡೂ ಒಂದಕ್ಕೊಂದು ವಿರುದ್ಧ.

ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಕಿವಿಯಿಂದ ಕಿವಿಗೆ ಟೇಪ್ ಹಿಡಿದು, ಎರಡರ ಅರ್ಧ ಕೂಡುವಲ್ಲಿ, ತಲೆಗೆ ಹಾಕಿಸಿದ ಈಜು ಟೋಪಿಯ ಮೇಲೆ, ನೆತ್ತಿ ಗುರುತಿಸಿ. ಅಳೆಯುವ ಕಾಲಿನ ಎದುರು ಬದಿಗೆ ಒಂದು ಸೆಂಟಿಮೀಟರ್, ಹಿಂದಕ್ಕೆ ಒಂದು ಸೆಂಟಿಮೀಟರ್ ಸರಿದು, ಎಂಇಪಿ ಚೆನ್ನಾಗಿ ಬರುವ ಜಾಗದ ಹುಡುಕಾಟ ಶುರುಮಾಡಿ. ನಮ್ಮೂರಿನ ತೊಡಕು ಇಲ್ಲಿ ಬೇರೆಯೇ: ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಈಜು ಟೋಪಿ ನಿಲ್ಲುವುದಿಲ್ಲ. ಅರ್ಧ ಗಂಟೆಯಲ್ಲಿ ಗುರುತು ಬೆರಳಗಲ ಸರಿದಿರುತ್ತದೆ, ಎಂಇಪಿ ಸಣ್ಣದಾಯಿತು ಎಂದು ನಾವು ಆಯಾಸಕ್ಕೆ ದೂರು ಹೇಳುತ್ತೇವೆ. ಹಿಂದಿನ ದಿನವೇ ಫೋನ್ ಮಾಡಿ, ತಲೆ ತೊಳೆದು ಎಣ್ಣೆ ಹಚ್ಚದೆ ಬರಲು ಹೇಳುವುದೊಂದೇ ದಾರಿ. ಹೇರ್‌ಪಿನ್, ಕ್ಲಿಪ್, ಓಲೆ, ಮೂಗುತಿ ತೆಗೆಸಿ. ಕಿವಿಗೆ ಪ್ಲಗ್ ಕಡ್ಡಾಯ, ಕಾಯಿಲ್ ಹಿಡಿದವರಿಗೂ.

ಅಪಸ್ಮಾರ, ತಲೆಯೊಳಗೆ ಲೋಹ, ಕಾಕ್ಲಿಯರ್ ಇಂಪ್ಲಾಂಟ್, ಪೇಸ್‌ಮೇಕರ್, ಫಿಟ್ಸ್ ಸಾಧ್ಯತೆ ಹೆಚ್ಚಿಸುವ ಔಷಧಿ: ಈ ಪ್ರಶ್ನಾವಳಿ ತುಂಬಿಸದೆ ಯಂತ್ರದ ಸ್ವಿಚ್ ಮುಟ್ಟಬಾರದು. ಖಾಲಿ ಹೊಟ್ಟೆ, ನಿದ್ದೆಗೆಟ್ಟ ಕಣ್ಣು ಎರಡೂ ಬೇಡ. ತಲೆ ಸುತ್ತಿ ಬೀಳುವವರಲ್ಲಿ ಉಪವಾಸ ಬಂದವರೇ ಜಾಸ್ತಿ. ಕಂಠೀರವದ ಟ್ರ್ಯಾಕ್‌ನಲ್ಲಿ ಬೆಳಗಿನ ಸ್ಪ್ರಿಂಟ್ ಮುಗಿಸಿ ನೇರ ಬಂದವರನ್ನೂ ವಾಪಸ್ ಕಳಿಸಿ. ಬಿರುಸಿನ ವ್ಯಾಯಾಮದ ನಂತರ ಎಂಇಪಿ ಮೊದಲು ಏರಿ ಆಮೇಲೆ ಬಹಳ ಹೊತ್ತು ಇಳಿದಿರುತ್ತದೆ.

ಈಗ ತೊಡೆ. ಎಲೆಕ್ಟ್ರೋಡ್ ಅಂಟಿಸುವ ಜಾಗ, ಹ್ಯಾಮ್‌ಸ್ಟ್ರಿಂಗ್‌ನ ಹೊರಮಗ್ಗುಲ ಸ್ನಾಯು ಬೈಸೆಪ್ಸ್ ಫೆಮೊರಿಸ್‌ಗೆ, ಕುಂಡೆಯ ಮೂಳೆಯಿಂದ ಮೊಣಕಾಲಿನ ಹೊರಮಗ್ಗುಲ ಮೂಳೆಯುಬ್ಬಿಗೆ ಗೆರೆ ಎಳೆದು ಅದರ ನಡುಮಧ್ಯ. ಒಳಮಗ್ಗುಲ ಸ್ನಾಯು ಸೆಮಿಟೆಂಡಿನೋಸಸ್‌ಗೆ ಅದೇ ಮೂಳೆಯಿಂದ ಒಳಮಗ್ಗುಲಿಗೆ. ಎಲೆಕ್ಟ್ರೋಡ್ ನಡುವೆ 20 ಮಿಲಿಮೀಟರ್. ರೋಮ ಬೋಳಿಸಿ, ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಅಂಟಿಸಿ. ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ವಿದ್ಯುತ್ ತಡೆ (ಇಂಪೀಡೆನ್ಸ್) 5 ಕಿಲೋಓಮ್‌ಗಿಂತ ಕೆಳಗಿರಲಿ. ಅರ್ತ್ ಎಲೆಕ್ಟ್ರೋಡ್ ಮಂಡಿಚಿಪ್ಪಿನ ಮೇಲೆ. ಸ್ಯಾಂಪ್ಲಿಂಗ್ ಕನಿಷ್ಠ 2000 ಹರ್ಟ್ಸ್, ಎಂಇಪಿ ಎಷ್ಟು ತಡವಾಗಿ ಬಂತು ಎಂಬ ಮಾತಾಡುವುದಿದ್ದರೆ 4000. ಗೋಡೆಯ ಕರೆಂಟ್‌ನ 50 ಹರ್ಟ್ಸ್ ಗುಂಯ್ ಕಂಡಾಗ ಅದೊಂದನ್ನೇ ಸೋಸುವ ನಾಚ್ ಫಿಲ್ಟರ್ ಹಾಕುವ ಆಸೆಗೆ ಬೀಳಬೇಡಿ. ಕಾಯಿಲ್‌ನ ಪಲ್ಸ್ ಪರದೆಯಲ್ಲಿ ಮೂಡಿಸುವ ಚೂಪಾದ ಹುಸಿ ಸಂಕೇತ (ಆರ್ಟಿಫ್ಯಾಕ್ಟ್) ತಗುಲಿದರೆ ಫಿಲ್ಟರ್ ಅಲೆಅಲೆಯಾಗಿ ಕಂಪಿಸಿ ಎಂಇಪಿಯ ಆರಂಭವನ್ನೇ ಕೆಡಿಸುತ್ತದೆ. ಟ್ಯೂಬ್‌ಲೈಟ್ ಆರಿಸಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಎಲೆಕ್ಟ್ರೋಡ್ ತಂತಿಗಳನ್ನು ಜಡೆಯಂತೆ ಹೆಣೆಯಿರಿ. ಕರೆಂಟ್ ಹೋದರೆ ಸ್ಟಿಮ್ಯುಲೇಟರನ್ನು ಮನೆಬಳಕೆಯ ಯುಪಿಎಸ್‌ಗೆ ಸಿಕ್ಕಿಸುವ ಸಾಹಸ ಬೇಡ. ಕೆಪಾಸಿಟರ್ ತುಂಬಿಕೊಳ್ಳುವಾಗ ಅದು ಎಳೆಯುವ ಕರೆಂಟ್ ದೊಡ್ಡದು.

ಅಸಲಿ ತಕರಾರು ಕುರ್ಚಿಯದು. ತೊಡೆಯ ಮುಂಭಾಗದ ಸ್ನಾಯುವಾದರೆ ಕೂರಿಸಿ ಅಳೆಯಬಹುದು. ಹ್ಯಾಮ್‌ಸ್ಟ್ರಿಂಗ್ ಎಲೆಕ್ಟ್ರೋಡ್ ಮಾತ್ರ ಸೀಟಿನ ಅಡಿ ಸಿಕ್ಕಿ ಚಪ್ಪಟೆಯಾಗುತ್ತದೆ. ಸ್ನಾಯು ಬಿಗಿದು ಎಳೆಯುವ ಪ್ರತಿ ಸಲವೂ ತೊಡೆ ಒತ್ತಿ, ತಂತಿ ಅಲುಗಿ, ಪರದೆಯ ಮೇಲೆ ನಿಧಾನದ ದಪ್ಪ ಅಲೆ ಏಳುತ್ತದೆ. ಬೋರಲು ಮಲಗಿಸಿದರೆ ತೊಡೆ ಬಿಡುವಾಗಿರುತ್ತದೆ, ಆದರೆ ಮುಖ ಬೆಂಚಿನ ತೂತಿನಲ್ಲಿ ಹುದುಗಿ ಕತ್ತು ಬಿಗಿಯುತ್ತದೆ, ಭಾರದ ಕಾಯಿಲನ್ನು ಅಡ್ಡಡ್ಡ ಹಿಡಿದವರ ಕೈ ಹತ್ತು ನಿಮಿಷಕ್ಕೆ ನಡುಗುತ್ತದೆ. ನಮ್ಮ ಒಲವು ಕೂರಿಸುವುದರ ಕಡೆಗೇ: ನಾಲ್ಕು ಇಂಚು ದಪ್ಪದ ಗಟ್ಟಿ ಫೋಮ್ ತಂದು, ಎಲೆಕ್ಟ್ರೋಡ್ ಬರುವಲ್ಲಿ ಅಂಗೈಯಗಲ ಕಿಂಡಿ ಕೊಯ್ದು, ತಂತಿ ಕೆಳಗಿನಿಂದ ಹೊರಬರಲು ಕಾಲುವೆ ಬಿಡುವುದು. ಫೋಮ್ ಮೆತ್ತಗಿದ್ದರೆ ಕಿಂಡಿಯ ಅಂಚು ಕುಸಿದು ಮತ್ತೆ ಎಲೆಕ್ಟ್ರೋಡ್‌ಗೇ ತಾಗುತ್ತದೆ, ಹಾಗಾಗಿ ಗಟ್ಟಿಯದೇ ತನ್ನಿ. ಸೊಂಟ ಮತ್ತು ಮಂಡಿಯ ಕೋನ ಬರೆದಿಡಿ. ಈ ಸ್ನಾಯುಗಳು ಎರಡೂ ಕೀಲು ದಾಟುವುದರಿಂದ ಯಾವುದೇ ಒಂದು ಕೋನ ಬದಲಾದರೂ ಸ್ನಾಯುವಿನ ಉದ್ದ, ಅದರ ಜೊತೆಗೆ ಎಂಇಪಿ ಎರಡೂ ಬದಲಾಗುತ್ತವೆ.

ಸುಮ್ಮನೆ ಕುಳಿತ ಕಾಲಿನಿಂದ ಎಂಇಪಿ ಹೊರಡಿಸುವುದು ಹಲವರಲ್ಲಿ ಕಷ್ಟ. ಯಂತ್ರವನ್ನು ನೂರಕ್ಕೆ ತಿರುಗಿಸಿದರೂ ಪರದೆಯ ಮೇಲಿನ ಇಎಂಜಿ ಗೆರೆ ನೆಟ್ಟಗೇ ಇರುತ್ತದೆ. ಅದಕ್ಕೇ ಹಿಮ್ಮಡಿಗೆ ಪಟ್ಟಿ ಹಾಕಿ, ಅದನ್ನು ಲಘುವಾಗಿ ಎಳೆಯುತ್ತಿರುವಾಗ ಅಳೆಯುವುದು. ಮೊದಲು ಪೂರ್ಣ ಶಕ್ತಿಯ ಎಳೆತ ಎರಡು-ಮೂರು ಸಲ ಮಾಡಿಸಿ, ಅದರ ಶೇಕಡಾ 10ಕ್ಕೆ ಪರದೆಯಲ್ಲಿ ಗೆರೆ ಹಾಕಿ. “ಮಂಡಿ ಮಡಚಿ” ಎಂದರೆ ಜನ ಸೊಂಟ ಎತ್ತುತ್ತಾರೆ. “ಹಿಮ್ಮಡಿಯಿಂದ ಪಟ್ಟೀನ ಹಿಂದಕ್ಕೆ ಎಳೀರಿ, ಗೆರೆ ಮೇಲೆ ನಿಲ್ಲಿಸಿ” ಎಂದರೆ ಸರಿಯಾಗಿ ಮಾಡುತ್ತಾರೆ. “ಮೇಡಂ, ಶಾಕ್ ಹೊಡೆಯುತ್ತಾ?” ಎಂದು ಕೇಳದವರಿಲ್ಲ. ತಲೆಯ ಮೇಲೆ ಬೆರಳಿಂದ ಪಟ್ ಅಂತ ತಟ್ಟಿದ ಹಾಗೆ, ದವಡೆ ಒಮ್ಮೆ ಬಿಗಿಯಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಗೆರೆಯನ್ನು ಪಟ್ಟಿ ಎಳೆಯುವ ಬಲದಿಂದ ಹಾಕುವುದೋ ಇಎಂಜಿಯಿಂದಲೋ? ಇಎಂಜಿಯಿಂದಲೇ ಎನ್ನುತ್ತೇವೆ. ಬಲ ಒಂದೇ ಇದ್ದರೂ ಬೈಸೆಪ್ಸ್ ಫೆಮೊರಿಸ್ ಸುಮ್ಮನಿದ್ದು ಸೆಮಿಟೆಂಡಿನೋಸಸ್ ಅಥವಾ ಮೀನಖಂಡ ಕೆಲಸ ಹೊತ್ತುಕೊಂಡಿರಬಹುದು. ಹಿನ್ನೆಲೆಯ ಇಎಂಜಿ ಸ್ವಲ್ಪ ಏರಿದರೂ ಎಂಇಪಿ ಬಹಳ ಏರುತ್ತದೆ, ಏಕೆಂದರೆ ಬೆನ್ನುಹುರಿಯ ನರಕೋಶಗಳು ಆಗಲೇ ಸಿಡಿಯುವ ಅಂಚಿನಲ್ಲಿರುತ್ತವೆ. ಪ್ರತಿ ಪಲ್ಸ್‌ಗೆ ಮುಂಚಿನ 100 ಮಿಲಿಸೆಕೆಂಡ್‌ನ ಹಿನ್ನೆಲೆಯನ್ನು ಲೆಕ್ಕ ಹಾಕಿ, ಮಿತಿ ಮೀರಿದ್ದನ್ನು ಕೈಬಿಡಿ. ಈ ಅಂಕಿ ಇಲ್ಲದ ಎಂಇಪಿ ಕೋಷ್ಟಕವನ್ನು ನಾವು ಓದುವುದೇ ಇಲ್ಲ.

ಆಮೇಲಿನದು ಸಲೀಸು. ಹತ್ತು ಪಲ್ಸ್‌ನಲ್ಲಿ ಐದಕ್ಕೆ ಹಿನ್ನೆಲೆಯಿಂದ ಸ್ಪಷ್ಟವಾಗಿ ಎದ್ದು ಕಾಣುವ ಎಂಇಪಿ ಬರುವ ಕನಿಷ್ಠ ತೀವ್ರತೆ ಸಕ್ರಿಯ ಥ್ರೆಶೋಲ್ಡ್. ಅದರ ಶೇಕಡಾ 90ರಿಂದ 140ರವರೆಗೆ ಹತ್ತತ್ತರ ಹೆಜ್ಜೆ, ಕ್ರಮ ಕಲಸಿ, ಪ್ರತಿ ಹೆಜ್ಜೆಗೆ ಹತ್ತಾದರೂ ಪಲ್ಸ್. ನಡುವೆ ಐದರಿಂದ ಹತ್ತು ಸೆಕೆಂಡ್, ಊಹಿಸಲಾಗದಂತೆ ಏರುಪೇರಾಗಿ. ಮೊದಲ ಒಂದೆರಡು ಪಲ್ಸ್‌ಗೆ ಬೆಚ್ಚಿಬಿದ್ದ ಉಬ್ಬು ದೊಡ್ಡದಿರುತ್ತದೆ, ಬಿಟ್ಟುಬಿಡಿ. ಕಾಯಿಲ್ ಬಿಸಿಯಾದರೆ ಯಂತ್ರ ತಾನೇ ನಿಲ್ಲುತ್ತದೆ. ಸರಣಿ ಅರ್ಧಕ್ಕೆ ಕಡಿಯುವುದಕ್ಕಿಂತ ಮೊದಲೇ ಬಿಡುವು ಕೊಡುವುದು ಮೇಲು. ಇನ್ನೊಂದು ಎಚ್ಚರ: ಡಬಲ್ ಕೋನ್ ಒಂದೇ ಸ್ನಾಯುವನ್ನು ಆರಿಸುವುದಿಲ್ಲ. ತೊಡೆಯ ಮುಂಭಾಗವೂ, ಕೆಲವೊಮ್ಮೆ ಇನ್ನೊಂದು ಕಾಲೂ ಜೊತೆಗೇ ಅದುರುತ್ತವೆ. ತೊಡೆಯ ಮುಂಭಾಗದ ಹೊರಮಗ್ಗುಲ ಸ್ನಾಯು ವಾಸ್ಟಸ್ ಲ್ಯಾಟರಾಲಿಸ್ ಮೇಲೂ ಒಂದು ಜೋಡಿ ಎಲೆಕ್ಟ್ರೋಡ್ ಇಡಿ. ಅಲ್ಲಿನ ಎಳೆತ ಮಂಡಿಯನ್ನು ಎದುರು ದಿಕ್ಕಿಗೆ ಒದೆಯುವುದರಿಂದ, ಬಲದ ಸೆಳೆತ ನೋಡಿ ಮೆದುಳು ಸ್ನಾಯುವನ್ನು ಎಷ್ಟು ದುಡಿಸುತ್ತಿದೆ ಎಂದು ಲೆಕ್ಕ ಹಾಕುವವರಿಗೆ ಉತ್ತರ ಅಡ್ಡದಾರಿ ಹಿಡಿಯುತ್ತದೆ.

ಮೈಕ್ರೋವೋಲ್ಟ್‌ನಲ್ಲಿ ಬಂದ ಎಂಇಪಿಯನ್ನು ಇಬ್ಬರ ನಡುವೆ ಹೋಲಿಸುವಂತಿಲ್ಲ. ಚರ್ಮದ ಕೆಳಗಿನ ಕೊಬ್ಬಿನ ಪದರವೇ ಅದನ್ನು ಕುಗ್ಗಿಸುತ್ತದೆ. ನರವನ್ನು ನೇರ ಉದ್ದೀಪಿಸಿ ಸಿಗುವ ಗರಿಷ್ಠ ಎಂ-ತರಂಗದಿಂದ, ಅಂದರೆ ಎಂಮ್ಯಾಕ್ಸ್‌ನಿಂದ, ಭಾಗಿಸಬೇಕು. ಇಲ್ಲಿ ಸಯಾಟಿಕ್ ನರ ಕುಂಡೆಯ ದಪ್ಪ ಸ್ನಾಯುವಿನಡಿ ಹೂತಿದೆ. ಕುಂಡೆಯ ಮೂಳೆಗೂ ತೊಡೆಮೂಳೆಯ ಹೊರಗಿನ ಉಬ್ಬಿಗೂ ನಡುವೆ ಒತ್ತಿ ಹಿಡಿದು, 1 ಮಿಲಿಸೆಕೆಂಡ್ ಪಲ್ಸ್‌ನಿಂದ ಏರಿಸುತ್ತಾ ಹೋಗಿ. ಉಬ್ಬು ಬೆಳೆಯುವುದು ನಿಂತ ಮೇಲೆ ಇನ್ನೂ ಶೇಕಡಾ 20 ಸೇರಿಸಿ. ಇದು ನೋಯುತ್ತದೆ, ಇಡೀ ಕಾಲು ಒದೆಯುತ್ತದೆ. ಹಲವರಲ್ಲಿ ಸಹಿಸುವ ಮಟ್ಟ ಮೊದಲೇ ಮುಗಿದು ಉಬ್ಬು ಬೆಳೆಯುವುದು ನಿಲ್ಲುವ ಹಂತ ಸಿಗುವುದೇ ಇಲ್ಲ. ಹಾಗಾದಾಗ ಅದನ್ನು ಎಂಮ್ಯಾಕ್ಸ್ ಎಂದು ಬರೆಯುವುದು ಸುಳ್ಳು. ಉದ್ದೀಪನದ ಜಾಗ ಎಲೆಕ್ಟ್ರೋಡ್‌ಗೆ ಹತ್ತಿರವಿರುವುದರಿಂದ ಆರ್ಟಿಫ್ಯಾಕ್ಟ್‌ನ ಬಾಲ ತರಂಗದ ಆರಂಭಕ್ಕೆ ಅಂಟಿಕೊಂಡಿರುತ್ತದೆ ಎಂಬುದನ್ನೂ ನೋಡಿಕೊಳ್ಳಿ.

ಇಷ್ಟಾದ ಮೇಲೂ ಎಂಇಪಿ ಬರೀ ಮೆದುಳಿನ ಲೆಕ್ಕವಲ್ಲ. ಸಣ್ಣದಾದದ್ದು ಮೆದುಳಿನಲ್ಲೋ ಬೆನ್ನುಹುರಿಯಲ್ಲೋ ಅದು ಹೇಳುವುದಿಲ್ಲ. ಜೋಡಿ ಪಲ್ಸ್ ಕೊಟ್ಟರೆ, ಮೊದಲನೆಯದು ಥ್ರೆಶೋಲ್ಡ್‌ಗಿಂತ ಕಡಿಮೆ, ಎರಡು-ಮೂರು ಮಿಲಿಸೆಕೆಂಡ್ ಬಿಟ್ಟು ಎರಡನೆಯದು, ಮೆದುಳಿನೊಳಗಿನ ತಡೆಯ ಸುಳಿವು ಸಿಗುತ್ತದೆ. ಎಳೆತದ ಹೊತ್ತಿಗೆ ಎಂಇಪಿಯ ಹಿಂದೆ ಬರುವ ಇಎಂಜಿಯ ಮೌನದ ಉತ್ತರಾರ್ಧವೂ ಮೆದುಳಿನದೇ ತಡೆ ಎನ್ನುತ್ತಾರೆ.

ಮಂಡಿಯೊಳಗಿನ ಅಸ್ಥಿರಜ್ಜು ಎಸಿಎಲ್‌ನ ಶಸ್ತ್ರಚಿಕಿತ್ಸೆಗೆ ಸೆಮಿಟೆಂಡಿನೋಸಸ್ ಸ್ನಾಯುರಜ್ಜು ಕೊಟ್ಟ ಕಾಲುಗಳಿಗೆ ಇನ್ನೊಂದು ಮಾತು ಸೇರಿಸಬೇಕು. ರಜ್ಜು ತೆಗೆದ ಮೇಲೆ ಸ್ನಾಯುವಿನ ಹೊಟ್ಟೆ ಮೊಟಕಾಗಿ ಮೇಲಕ್ಕೆ ಸರಿದಿರುವುದುಂಟು. ಗೆರೆಯ ನಡುಮಧ್ಯ ಎಂದು ಕಣ್ಣುಮುಚ್ಚಿ ಅಂಟಿಸಿದರೆ ಎಲೆಕ್ಟ್ರೋಡ್ ಅದರ ಅಂಚಿನಲ್ಲಿ ಕೂರುತ್ತದೆ, ಪಕ್ಕದ ಸ್ನಾಯುವಿನ ಸದ್ದು ಕೇಳುತ್ತದೆ. ಮೊದಲು ಅಲ್ಟ್ರಾಸೌಂಡ್ ಹಿಡಿದು ಹೊಟ್ಟೆ ಎಲ್ಲಿದೆ ಗುರುತಿಸಿ, ಎರಡೂ ಕಾಲಿನ ಎಂಮ್ಯಾಕ್ಸ್ ಪಕ್ಕಪಕ್ಕ ಬರೆದು, ಆಮೇಲಷ್ಟೇ ಕಾಯಿಲ್ ಕೈಗೆತ್ತಿಕೊಳ್ಳಿ.